ಕಪ್ಪಿಗೆ ಕಪ್ಪು

1990ರ ದಶಕದ ಕಂಪ್ಯೂಟರ್ ಬಿಚ್ಚಿ ಜೋಡಿಸಿದವರಿಗೆ ಪಿ8, ಪಿ9 ಎಂಬ ಎರಡು ಕನೆಕ್ಟರ್‌ಗಳು ಮರೆತಿರಲಾರವು. ಪವರ್ ಸಪ್ಲೈ ಡಬ್ಬಿಯಿಂದ ಬರುವ ಹನ್ನೆರಡು ತಂತಿಗಳು ಆರಾರರ ಎರಡು ಗೊಂಚಲಾಗಿ ಮದರ್‌ಬೋರ್ಡಿನ ಮೇಲೆ ಅಕ್ಕಪಕ್ಕ ಕೂರುತ್ತಿದ್ದವು. ಎರಡರ ಆಕಾರವೂ ಒಂದೇ. ಅದಲುಬದಲು ಮಾಡಿ ಒತ್ತಿದರೂ ಕೂರುತ್ತಿದ್ದವು. ಹಾಗೆ ಕೂರಿಸಿ ಸ್ವಿಚ್ ಹಾಕಿದರೆ ಬೋರ್ಡು ಹೋಯಿತೆಂದೇ ಲೆಕ್ಕ. ಅದಕ್ಕೆ ಕೆಲಸ ಕಲಿಯಲು ಬಂದ ಹುಡುಗರಿಗೆ ಮೊದಲು ಹೇಳುತ್ತಿದ್ದ ಮಾತು ಒಂದೇ: ಕಪ್ಪಿಗೆ ಕಪ್ಪು. ಒಂದು ಗೊಂಚಲಿನ ಕಪ್ಪು ತಂತಿಗಳು ಇನ್ನೊಂದರ ಕಪ್ಪು ತಂತಿಗಳಿಗೆ ನಟ್ಟನಡುವೆ ತಾಗಿಕೊಂಡಿರಬೇಕು. ಇಂಟೆಲ್ 1995ರಲ್ಲಿ ಎಟಿಎಕ್ಸ್ ಎಂಬ ಹೊಸ ವಿನ್ಯಾಸ ತಂದಾಗ ಇಪ್ಪತ್ತು ಪಿನ್ನಿನ ಒಂದೇ ಕನೆಕ್ಟರ್ ಬಂತು, ತಿರುವುಮುರುವಾಗಿ ಕೂರುವ ಅಪಾಯ ಕಳೆಯಿತು. ಆದರೆ ಹಳೆಯ ಡಬ್ಬಿಗಳು ತಾಲ್ಲೂಕು ಊರುಗಳಲ್ಲಿ ಮತ್ತೂ ಹಲವು ವರ್ಷ ಓಡಿದವು, ಆ ಪಾಠವೂ ಓಡಿತು.

ಕರ್ನಾಟಕದ ಕಂಪ್ಯೂಟರ್ ಚರಿತ್ರೆಯನ್ನು ಬೆಂಗಳೂರಿನ ತಂತ್ರಾಂಶ ಕಂಪನಿಗಳ ಚರಿತ್ರೆಯಾಗಿಯೇ ಬರೆಯುವುದು ರೂಢಿ. ಭೀಮಾ–ಕೃಷ್ಣೆಯರ ಸೀಮೆಯ ಯಾದಗಿರಿ, ಶಹಾಪುರ, ಸುರಪುರದಂಥ ಊರುಗಳಿಂದ ನೋಡಿದರೆ ಅದೇ ಚರಿತ್ರೆ ಬೇರೆ ತರಹ ಕಾಣುತ್ತದೆ. ಇಲ್ಲಿ ಎದುರಾಗುತ್ತಿದ್ದ ಪ್ರಶ್ನೆಗಳು ಬೇರೆ. ಯಾವ ಡಬ್ಬಿ ಈ ಬಿಸಿಲಿಗೆ ಬಾಳುತ್ತದೆ? ಯಾವ ಯುಪಿಎಸ್ ಈ ಕರೆಂಟನ್ನು ತಾಳುತ್ತದೆ? ಕನ್ನಡ ಬರೆಯಬೇಕಾದರೆ ಒಳಗೆ ಏನನ್ನು ಕೂರಿಸಬೇಕು? ಪ್ರೊಸೆಸರ್‌ನ ವೇಗದ ಮಾತು ಆಮೇಲಿನದು.

ಬಿಡಿಭಾಗ ಕೊಂಡು ಜೋಡಿಸುವ ಕಸುಬು ಸಾಧ್ಯವಾದದ್ದಕ್ಕೆ ಒಂದು ಹಿನ್ನೆಲೆ ಇದೆ. ಐಬಿಎಂ 1981ರ ಆಗಸ್ಟ್‌ನಲ್ಲಿ ತನ್ನ ಪಿಸಿಯನ್ನು ಬಿಡುಗಡೆ ಮಾಡಿದಾಗ ಒಳಗಿನ ಬಹುಪಾಲು ಭಾಗಗಳು ಮಾರುಕಟ್ಟೆಯಲ್ಲಿ ಯಾರಿಗೂ ಸಿಗುವಂಥವೇ ಆಗಿದ್ದವು. ಪ್ರೊಸೆಸರ್ ಇಂಟೆಲ್‌ನ 8088, ವೇಗ 4.77 ಮೆಗಾಹರ್ಟ್ಸ್. ಬೋರ್ಡಿನ ಮೇಲೆ ಹೊಸ ಕಾರ್ಡುಗಳನ್ನು ಸಿಕ್ಕಿಸಲು ಖಾಲಿ ಸ್ಲಾಟುಗಳಿದ್ದವು, ಅವುಗಳ ವಿವರ ಬಹಿರಂಗವಾಗಿತ್ತು. ಕೆಲವೇ ವರ್ಷಗಳಲ್ಲಿ ತೈವಾನಿನ ಕಾರ್ಖಾನೆಗಳು ಅದಕ್ಕೆ ಹೊಂದುವ ಬೋರ್ಡುಗಳನ್ನು ಹೊರತರತೊಡಗಿದವು. ಭಾರತ ಸರ್ಕಾರ 1984ರ ನವೆಂಬರ್‌ನಲ್ಲಿ ಹೊಸ ಕಂಪ್ಯೂಟರ್ ನೀತಿ ಪ್ರಕಟಿಸಿ ಆಮದನ್ನು ಸಡಿಲಿಸಿತು. 1991ರ ಉದಾರೀಕರಣ ಬಂತು. ವಿಶ್ವ ವ್ಯಾಪಾರ ಸಂಸ್ಥೆಯ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಭಾರತ 1997ರಲ್ಲಿ ಸೇರಿದ ಮೇಲೆ ಬಿಡಿಭಾಗಗಳ ಮೇಲಿನ ಸುಂಕ ಮೆಟ್ಟಿಲಿಳಿದಂತೆ ಇಳಿದು 2005ರ ಹೊತ್ತಿಗೆ ಸೊನ್ನೆಗೆ ಬಂತು. ಕಂಪನಿಯ ಹೆಸರಿನ ಕಂಪ್ಯೂಟರ್ ಕೊಳ್ಳಲಾಗದವರಿಗೆ 'ಅಸೆಂಬಲ್ಡ್' ಎಂಬ ದಾರಿ ತೆರೆದದ್ದು ಹೀಗೆ.

ಯಾದಗಿರಿಯಿಂದ ಬಿಡಿಭಾಗಕ್ಕೆ ಹೊರಟವರ ಮುಂದೆ ಎರಡು ಊರುಗಳಿದ್ದವು. ಒಂದು ಬೆಂಗಳೂರಿನ ಎಸ್.ಪಿ. ರಸ್ತೆ, ಅಂದರೆ ಸಾದರ ಪತ್ರಪ್ಪ ರಸ್ತೆ. ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ಒಂದು ರಾತ್ರಿಯ ಪ್ರಯಾಣ. ಇನ್ನೊಂದು ಸಿಕಂದರಾಬಾದಿನ ಪಾರ್ಕ್‌ಲೇನ್‌ನಲ್ಲಿರುವ ಚಿನಾಯ್ ಟ್ರೇಡ್ ಸೆಂಟರ್, ಎಲ್ಲರ ಬಾಯಲ್ಲಿ ಸಿಟಿಸಿ. ಹೈದರಾಬಾದ್ ಇಲ್ಲಿಂದ ಇನ್ನೂರು ಕಿಲೋಮೀಟರಿನ ಆಸುಪಾಸು, ಬೆಂಗಳೂರು ಅದರ ಎರಡು ಪಟ್ಟಿಗೂ ಹೆಚ್ಚು. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು 1956ರಲ್ಲಿ ಕನ್ನಡ ನಾಡಿನೊಂದಿಗೆ ಒಂದಾದ ಸೀಮೆ ಇದು. ಆಸ್ಪತ್ರೆಗೆ, ಮದುವೆ ಬಟ್ಟೆಗೆ, ಮೆಷಿನ್ ಸಾಮಾನಿಗೆ ಹೈದರಾಬಾದಿಗೆ ಹೋಗಿಬರುವ ಹಳೆಯ ದಾರಿ ಕಂಪ್ಯೂಟರ್ ಕಾಲಕ್ಕೂ ಮುಂದುವರಿಯಿತು.

ಯಾದಗಿರಿಗೆ ರೈಲಾದರೂ ಇದೆ. ಮುಂಬೈ–ಮದ್ರಾಸ್ ಮಾರ್ಗ 1871ರಲ್ಲಿ ರಾಯಚೂರಿನಲ್ಲಿ ಕೂಡಿಕೊಂಡಾಗಿನಿಂದ ಈ ಊರು ದೊಡ್ಡ ಹಳಿಯ ಮೇಲಿದೆ. ಶಹಾಪುರಕ್ಕೂ ಸುರಪುರಕ್ಕೂ ಹಳಿಯಿಲ್ಲ. ಅಲ್ಲಿಗೆ ಸಾಮಾನು ಹೋಗಬೇಕಾದದ್ದು ಬಸ್ಸಿನಲ್ಲೇ. ಹದಿನೈದಿಂಚಿನ ಹಳೆಯ ಮಾನಿಟರ್ ಎಂದರೆ ಹತ್ತು ಕಿಲೋಗೂ ಮಿಕ್ಕಿದ ಗಾಜಿನ ಗಡಿಗೆ. ಅದರ ಹಿಂದಿನ ಕೊರಳು ಒಂದು ಸಣ್ಣ ಪೆಟ್ಟಿಗೂ ಒಡೆಯುವಂಥದ್ದು. ಬಸ್ಸಿನ ಮೇಲೆ ಹಾಕುವ ಮಾತೇ ಇರಲಿಲ್ಲ, ತೊಡೆಯ ಮೇಲೋ ಪಕ್ಕದ ಸೀಟಿನ ಮೇಲೋ ಅದು ಊರು ಸೇರಬೇಕು. ಇಷ್ಟು ದೂರದಿಂದ ತಂದ ಬೋರ್ಡು ಕೆಟ್ಟಿದ್ದರೆ ಬದಲಿಗೆ ಮತ್ತೆ ಅಷ್ಟೇ ದೂರ. ಹಾಗಾಗಿ ಅಂಗಡಿಯ ಕಟ್ಟೆಯ ಮೇಲೇ ಬೋರ್ಡು, ರ‍್ಯಾಮ್, ಪ್ರೊಸೆಸರ್ ಮೂರನ್ನೂ ಕೂಡಿಸಿ, ಪರದೆಯ ಮೇಲೆ ಅಕ್ಷರ ಮೂಡುವುದನ್ನು ಕಣ್ಣಾರೆ ಕಂಡೇ ದುಡ್ಡು ಕೊಡುವುದು ಜಾಣರ ಪದ್ಧತಿಯಾಯಿತು.

ಕರೆಂಟಿನ ಕಥೆ ಇದಕ್ಕಿಂತ ದೊಡ್ಡದು. ಕೃಷ್ಣೆಯ ದಂಡೆಯ ಶಕ್ತಿನಗರದಲ್ಲಿ ರಾಯಚೂರು ಶಾಖೋತ್ಪನ್ನ ಸ್ಥಾವರದ ಮೊದಲ ಘಟಕ 1985ರಲ್ಲಿ ಶುರುವಾಯಿತು. ನಾಡಿಗೆ ಬೆಳಕು ಕೊಡುವ ಒಲೆ ಪಕ್ಕದ ಜಿಲ್ಲೆಯಲ್ಲೇ ಉರಿಯುತ್ತಿತ್ತು. ಆದರೂ 'ಕರೆಂಟ್ ಹೋಗ್ಯಾದ' ಎಂಬುದು ಇಲ್ಲಿನ ದಿನನಿತ್ಯದ ಮಾತಾಗಿತ್ತು. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಸುರಪುರ, ಶಹಾಪುರದ ಹೊಲಗಳಿಗೆ ಹರಿದ ಮೇಲೆ ಭತ್ತ ಬಂತು, ಅಕ್ಕಿ ಗಿರಣಿ ಬಂದವು, ಪಂಪ್‌ಸೆಟ್‌ಗಳು ಬಂದವು. ಒಂದೇ ಲೈನಿನ ಮೇಲೆ ದೊಡ್ಡ ಮೋಟರುಗಳು ಒಟ್ಟಿಗೆ ಎದ್ದಾಗ 230 ವೋಲ್ಟ್ ಇರಬೇಕಾದಲ್ಲಿ ಕುಸಿತ, ಅವು ಒಮ್ಮೆಲೇ ನಿಂತಾಗ ಜಿಗಿತ. ಬಲ್ಬು ಮಿಣುಕಿ ಸುಮ್ಮನಾಗುತ್ತದೆ. ಬರೆಯುತ್ತಿದ್ದ ಹಾರ್ಡ್ ಡಿಸ್ಕ್ ಸುಮ್ಮನಾಗುವುದಿಲ್ಲ.

ಇದರಿಂದಾಗಿ ಇಲ್ಲಿ ಭಾಗಗಳ ಆಯ್ಕೆ ಹಿಂಬಾಗಿಲಿನಿಂದ ಆರಂಭವಾಗುತ್ತಿತ್ತು: ಮೊದಲು ಯುಪಿಎಸ್, ಆಮೇಲೆ ಎಸ್‌ಎಂಪಿಎಸ್ ಎಂಬ ಪವರ್ ಸಪ್ಲೈ ಡಬ್ಬಿ, ಅದಾದ ಮೇಲೆ ಉಳಿದದ್ದು. ಸಾಮಾನ್ಯ 600 ವಿಎ ಯುಪಿಎಸ್‌ನೊಳಗೆ 12 ವೋಲ್ಟ್, 7 ಆಂಪಿಯರ್-ಅವರ್‌ನ ಒಂದು ಸೀಸದ ಬ್ಯಾಟರಿ ಇರುತ್ತದೆ. ಹಳೆಯ ಮಾನಿಟರ್ ಸಮೇತ ಹತ್ತು ಹದಿನೈದು ನಿಮಿಷ ತಡೆದರೆ ಹೆಚ್ಚು. ಕೆಲಸ ಉಳಿಸಿ ಮೆಷಿನ್ ಮುಚ್ಚಲು ಅಷ್ಟು ಸಾಕು, ಮುಂದುವರಿಸಲು ಸಾಲದು. ಆ ಬ್ಯಾಟರಿಗಳನ್ನು ಲೆಕ್ಕ ಹಾಕಿರುವುದು 20–25 ಡಿಗ್ರಿಗೆ. ಏಪ್ರಿಲ್, ಮೇ ತಿಂಗಳಲ್ಲಿ 42–43 ಡಿಗ್ರಿ ಮುಟ್ಟುವ ಸೀಮೆಯಲ್ಲಿ ಅವುಗಳ ಆಯಸ್ಸು ಪೆಟ್ಟಿಗೆಯ ಮೇಲೆ ಬರೆದದ್ದಕ್ಕಿಂತ ಬೇಗ ತೀರುತ್ತದೆ.

ಇನ್ನು ಅರ್ಥಿಂಗ್. ಕಂಪ್ಯೂಟರ್ ಡಬ್ಬಿಗೆ ಬರಿಗೈ ತಾಗಿದರೆ ಜುಮ್ಮೆನ್ನುತ್ತದೆ ಎಂಬ ದೂರನ್ನು ಇಲ್ಲಿನ ಯಾವ ಮೆಕ್ಯಾನಿಕ್ಕೂ ಕೇಳದೆ ಇರಲಾರ. ಅದಕ್ಕೆ ಕಾರಣ ಡಬ್ಬಿ ಕೆಟ್ಟಿರುವುದಲ್ಲ. ಎಸ್‌ಎಂಪಿಎಸ್‌ನ ಬಾಗಿಲಲ್ಲೇ ಗದ್ದಲ ಸೋಸಲೆಂದು ಎರಡು ಚಿಕ್ಕ ಕೆಪಾಸಿಟರ್‌ಗಳನ್ನು ಫೇಸ್‌ನಿಂದ ಮತ್ತು ನ್ಯೂಟ್ರಲ್‌ನಿಂದ ಲೋಹದ ಕವಚಕ್ಕೆ ಜೋಡಿಸಿರುತ್ತಾರೆ. ಮೂರನೆಯ ಪಿನ್ ನಿಜವಾದ ನೆಲ ಮುಟ್ಟಿದ್ದರೆ ಆ ಅಲ್ಪ ಪ್ರವಾಹ ಅಲ್ಲಿಗೆ ಇಳಿದುಹೋಗುತ್ತದೆ. ನೆಲವೇ ಇಲ್ಲದಿದ್ದರೆ ಕವಚದ ಮೇಲೆ ಸುಮಾರು ಅರ್ಧದಷ್ಟು, ಅಂದರೆ 115 ವೋಲ್ಟ್ ತೋರುತ್ತದೆ. ಜೀವಕ್ಕೆ ಅಪಾಯವಾಗುವಷ್ಟು ಬಲವಿಲ್ಲ, ಬೆರಳಿಗೆ ತಿಳಿಯುವಷ್ಟಿದೆ. ಹಾಗಿರುವಾಗ ಮೆಷಿನ್ ಚಾಲೂ ಇಟ್ಟೇ ಪ್ರಿಂಟರ್ ತಂತಿ ಸಿಕ್ಕಿಸಿದರೆ ಆ ವೋಲ್ಟು ಪೋರ್ಟಿನ ಮೂಲಕ ದಾಟಿ ಪೋರ್ಟನ್ನೇ ಸುಡಬಹುದು. ಇದ್ದಿಲು, ಉಪ್ಪು ತುಂಬಿ ಅರ್ಥ್ ಗುಂಡಿ ತೋಡಿಸಿದವರೂ ಬೇಸಿಗೆಯಲ್ಲಿ ಅದಕ್ಕೆ ನೀರು ಹಾಕಬೇಕು. ಎರೆಭೂಮಿ ಒಣಗಿ ಬಿರುಕು ಬಿಟ್ಟರೆ ಗುಂಡಿಯೊಳಗಿನ ಲೋಹಕ್ಕೂ ಮಣ್ಣಿಗೂ ನಂಟು ಕಡಿಯುತ್ತದೆ. ಬಾವಿಗೆ ನೀರಿಲ್ಲದ ತಿಂಗಳಲ್ಲಿ ಕಂಪ್ಯೂಟರಿಗೆ ಒಂದು ಕೊಡ ನೀರು ಹೊಯ್ಯುವುದು ಹೊರಗಿನವರಿಗೆ ವಿಚಿತ್ರವಾಗಿ ಕಂಡೀತು, ಆದರೆ ಆ ನೀರಿನಷ್ಟು ಅಗ್ಗದ ರಕ್ಷಣೆ ಮತ್ತೊಂದಿಲ್ಲ.

ಬಿಸಿಲು ಇನ್ನೊಂದು ಬಗೆಯಲ್ಲಿ ಕಾಡಿತು. ಸುಮಾರು 1999ರಿಂದ 2007ರವರೆಗೆ ಜಗತ್ತಿನಾದ್ಯಂತ ಮಾರಾಟವಾದ ಅನೇಕ ಮದರ್‌ಬೋರ್ಡುಗಳಲ್ಲಿ ಕೆಟ್ಟ ದ್ರಾವಣ ತುಂಬಿದ ಕೆಪಾಸಿಟರ್‌ಗಳು ಸೇರಿಕೊಂಡಿದ್ದವು. ಪ್ರೊಸೆಸರ್ ಸುತ್ತ ನಿಂತಿರುವ ಆ ಸಣ್ಣ ಉರುಳೆಗಳ ನೆತ್ತಿ ಉಬ್ಬಿ, ಕಂದು ಬಣ್ಣದ ರಸ ಒಸರಿ, ಕಂಪ್ಯೂಟರ್ ಕಾರಣವಿಲ್ಲದೆ ಮತ್ತೆ ಮತ್ತೆ ಶುರುವಾಗುತ್ತಿತ್ತು. ಇಂಥ ಕೆಪಾಸಿಟರ್‌ಗಳ ಆಯಸ್ಸಿಗೆ ಒಂದು ಒರಟು ಲೆಕ್ಕವಿದೆ: ಶಾಖ 10 ಡಿಗ್ರಿ ಏರಿದರೆ ಆಯಸ್ಸು ಅರ್ಧ. ಕೋಣೆಯೇ 40 ದಾಟಿದಾಗ ಡಬ್ಬಿಯೊಳಗೆ ಅದಕ್ಕಿಂತ ಹತ್ತು ಹದಿನೈದು ಹೆಚ್ಚು. ತಂಪು ಊರಿನಲ್ಲಿ ಐದು ವರ್ಷ ತಳ್ಳಬಹುದಾದ ಬೋರ್ಡು ಇಲ್ಲಿ ಅದಕ್ಕೂ ಮೊದಲೇ ಮಲಗುವುದು ಸಹಜವೇ ಆಗಿತ್ತು.

ಆ ಗಂಡಾಂತರದಲ್ಲಿ ಕೈಹಿಡಿದವರು ರೇಡಿಯೊ, ಟೇಪ್‌ರೆಕಾರ್ಡರ್, ಟಿವಿ ರಿಪೇರಿಯ ಕಸುಬುದಾರರು. ಕಂಪ್ಯೂಟರ್ ಕೋರ್ಸ್ ಮಾಡಿ ಬಂದವರು ಬೋರ್ಡು ಬದಲಿಸಿ ಎನ್ನುತ್ತಿದ್ದಾಗ, ಬೆಸುಗೆ ಕಡ್ಡಿ ಹಿಡಿದು ಬೆಳೆದವರಿಗೆ ಉಬ್ಬಿದ ಕೆಪಾಸಿಟರ್ ಹೊಸದೇನಾಗಿರಲಿಲ್ಲ. 1000 ಮೈಕ್ರೊಫ್ಯಾರಡ್, 6.3 ವೋಲ್ಟ್‌ನದನ್ನು ತೆಗೆದು, 105 ಡಿಗ್ರಿ ತಾಳುವ, ಒಂದು ಹಂತ ಹೆಚ್ಚು ವೋಲ್ಟ್‌ನ ಕೆಪಾಸಿಟರನ್ನು ಅದೇ ಜಾಗಕ್ಕೆ ಬೆಸೆದರೆ ಸತ್ತ ಬೋರ್ಡು ಏಳುತ್ತಿತ್ತು. ಹಲವು ಪದರಗಳ ಬೋರ್ಡಿನಲ್ಲಿ ಈ ಕೆಲಸ ಸುಲಭವಲ್ಲ. ಒಳಪದರದ ತಾಮ್ರ ಶಾಖವನ್ನೆಲ್ಲ ಹೀರಿಕೊಳ್ಳುತ್ತದೆ, ಹೆಚ್ಚು ಕಾಯಿಸಿದರೆ ತೂತಿನ ಗೋಡೆಯೇ ಕಿತ್ತುಬರುತ್ತದೆ. ಈ ಕೈಚಳಕಕ್ಕೆ ಪ್ರಮಾಣಪತ್ರ ಯಾರೂ ಕೊಡಲಿಲ್ಲ. ಕೊಡಬೇಕಿತ್ತು.

ಧೂಳಿನದು ಬೇರೆ ಪಾಲು. ಹತ್ತಿಯ ಸೀಮೆಯಲ್ಲಿ ಗಾಳಿಗೆ ತೇಲುವ ಎಳೆಗಳು ಹೀಟ್‌ಸಿಂಕಿನ ಹಲ್ಲುಗಳ ಮೇಲೆ ಕಂಬಳಿ ಹೊದಿಸುತ್ತವೆ. ಫ್ಯಾನ್ ತಿರುಗುತ್ತಲೇ ಇರುತ್ತದೆ, ಗಾಳಿ ಮಾತ್ರ ಒಳಗೆ ಇಳಿಯುವುದಿಲ್ಲ. ಪೆಂಟಿಯಮ್ 4 ಕಾದಾಗ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತಿತ್ತು, ಹಾಗಾಗಿ 'ನಿಧಾನ ಆಗ್ಯಾದ' ಎಂದು ಬಂದ ಎಷ್ಟೋ ಮೆಷಿನ್‌ಗಳಿಗೆ ಬೇಕಿದ್ದದ್ದು ಒಂದು ಬಣ್ಣದ ಬ್ರಷ್ ಮತ್ತು ಹೊಸ ಥರ್ಮಲ್ ಪೇಸ್ಟ್, ಅಷ್ಟೇ. ಎಎಂಡಿಯ ಆರಂಭದ ಅಥ್ಲಾನ್‌ಗಳಲ್ಲಿ ಆ ರಕ್ಷಣೆ ಚಿಪ್ಪಿನೊಳಗೇ ಇರಲಿಲ್ಲ. ಎಎಂಡಿ ಬಿಸಿಯಾಗುತ್ತದೆ ಎಂಬ ನಂಬಿಕೆ ಇಂಥ ಊರುಗಳಲ್ಲಿ ಗಟ್ಟಿಯಾಗಿ ನೆಲೆಯೂರಿತು. ಚಿಪ್ಪುಗಳು ಬದಲಾದರೂ ನಂಬಿಕೆ ಬದಲಾಗಲು ಬಹಳ ವರ್ಷ ಹಿಡಿಯಿತು.

ರ‍್ಯಾಮ್ ಹೆಚ್ಚಿಸುವುದು ಎಲ್ಲಕ್ಕಿಂತ ಸಾಮಾನ್ಯವಾದ ಅಪ್‌ಗ್ರೇಡ್. ಅದರಲ್ಲೂ ಕಾಲಕಾಲಕ್ಕೆ ಗಂಟುಗಳಿದ್ದವು. ಮೊದಲ ಪೆಂಟಿಯಮ್‌ಗಳಲ್ಲಿ 72 ಪಿನ್ನಿನ ರ‍್ಯಾಮ್ ಪಟ್ಟಿಗಳನ್ನು ಜೋಡಿಯಾಗಿಯೇ ಹಾಕಬೇಕು. ಪ್ರೊಸೆಸರ್ 64 ಬಿಟ್ಟುಗಳನ್ನು ಒಟ್ಟಿಗೆ ಕೇಳುತ್ತಿತ್ತು, ಒಂದು ಪಟ್ಟಿ 32 ಮಾತ್ರ ಕೊಡುತ್ತಿತ್ತು. ಒಂದೇ ಪಟ್ಟಿ ತಂದವರು ಎರಡನೆಯದಕ್ಕೆ ಮತ್ತೆ ಹೋಗಬೇಕು. ಆಮೇಲೆ 168 ಪಿನ್, 184 ಪಿನ್, 240 ಪಿನ್ ಎಂದು ಬಂದಂತೆಲ್ಲ ನಡುವಿನ ಕಚ್ಚು ಜಾಗ ಬದಲಿಸಿತು, ಹಳೆಯದು ಹೊಸದಕ್ಕೆ ಕೂರದಾಯಿತು. ಸ್ವಿಚ್ ಹಾಕಿದೊಡನೆ ಬಿಟ್ಟುಬಿಟ್ಟು ಬರುವ ಉದ್ದನೆಯ ಬೀಪ್, ಪರದೆ ಕಪ್ಪು: ಈ ರೋಗಕ್ಕೆ ಶಾಲೆ ಮಕ್ಕಳ ರಬ್ಬರೇ ಔಷಧಿ. ಪಟ್ಟಿಯನ್ನು ಕಿತ್ತು, ಬೋರ್ಡಿನಿಂದ ದೂರ ಹಿಡಿದು, ಚಿನ್ನದ ಬಣ್ಣದ ಹಲ್ಲುಗಳನ್ನು ಮೆಲ್ಲಗೆ ಉಜ್ಜಿ ಕೂರಿಸಿದರೆ ಬಹುಪಾಲು ಸಲ ಪರದೆ ಬೆಳಗುತ್ತಿತ್ತು. ಕಾದು ತಣಿಯುವಾಗ ಪಟ್ಟಿ ಕೂದಲೆಳೆಯಷ್ಟು ಅಲುಗಿ, ಸಂಪರ್ಕದ ಮೇಲೆ ಕಿಲುಬಿನ ಪದರ ಕಟ್ಟುವುದೇ ಇದಕ್ಕೆ ಕಾರಣ. ಹಗಲು ರಾತ್ರಿಯ ಶಾಖದ ಅಂತರ ಹೆಚ್ಚಿರುವ ಊರಿನಲ್ಲಿ ಅದು ಹೆಚ್ಚು.

ಆದರೆ ಈ ಸೀಮೆಯ ಕಂಪ್ಯೂಟರ್ ಚರಿತ್ರೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಬಿಡಿಭಾಗ ಕನ್ನಡ. ಅದೊಂದು ಕಾಲಕ್ಕೆ ನಿಜವಾಗಿಯೂ ಕೈಯಲ್ಲಿ ಹಿಡಿಯಬಹುದಾದ ಭಾಗವಾಗಿತ್ತು. ಐಐಟಿ ಕಾನ್ಪುರದಲ್ಲಿ 1980ರ ದಶಕದ ಆರಂಭದಲ್ಲಿ ಹುಟ್ಟಿದ ಜಿಸ್ಟ್ ತಂತ್ರಜ್ಞಾನವನ್ನು ಪುಣೆಯ ಸಿ-ಡ್ಯಾಕ್ ಒಂದು ಕಾರ್ಡಿನ ರೂಪಕ್ಕೆ ತಂದಿತು. ಮದರ್‌ಬೋರ್ಡಿನ ಕಪ್ಪು ಐಎಸ್ಎ ಸ್ಲಾಟಿಗೆ ಅದನ್ನು ಸಿಕ್ಕಿಸಿದರೆ ಡಾಸ್‌ನಲ್ಲಿ ಓಡುವ ಇಂಗ್ಲಿಷ್ ಪ್ರೋಗ್ರಾಮಿನಲ್ಲೂ ಕನ್ನಡ ಅಕ್ಷರ ಮೂಡುತ್ತಿದ್ದವು. ಅಕ್ಷರ ಕೂಡಿಸುವ, ಒತ್ತು ಕೆಳಗಿಳಿಸುವ ಕೆಲಸವನ್ನೆಲ್ಲ ಕಾರ್ಡೇ ಮಾಡುತ್ತಿತ್ತು. ಕನ್ನಡ ಬೇಕೆಂದರೆ ಒಂದು ಸ್ಲಾಟು ಖಾಲಿ ಇಟ್ಟುಕೊಳ್ಳಬೇಕು.

ಇಂಟೆಲ್‌ನ 440ಬಿಎಕ್ಸ್ ಚಿಪ್‌ಸೆಟ್‌ನ ಬೋರ್ಡುಗಳಲ್ಲಿ ಆ ಸ್ಲಾಟು ಇನ್ನೂ ಇತ್ತು. 1999ರ 810 ಚಿಪ್‌ಸೆಟ್‌ನಿಂದ ಅದು ಮರೆಯಾಗತೊಡಗಿತು. ಹೊಸ ಬೋರ್ಡು ತಂದವರಿಗೆ ವೇಗ ಸಿಕ್ಕಿತು, ಕಾರ್ಡಿಗೆ ಜಾಗ ಸಿಗಲಿಲ್ಲ.

ಅಷ್ಟರಲ್ಲಿ ಕನ್ನಡ ತಂತ್ರಾಂಶಕ್ಕೆ ದಾಟಿತ್ತು. ಶೇಷಾದ್ರಿವಾಸು ಅವರ ಬರಹ 1998ರಲ್ಲಿ ಬಂತು. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸವನ್ನು ಸರ್ಕಾರ ಒಪ್ಪಿಕೊಂಡಿತು, ಕನ್ನಡ ಗಣಕ ಪರಿಷತ್ತಿನ ನುಡಿ ಕಚೇರಿಗಳಿಗೆ ಹರಡಿತು. ಮದುವೆ ಕಾರ್ಡು, ಕರಪತ್ರ, ಜಾತ್ರೆಯ ಪೋಸ್ಟರ್ ಮಾಡುವ ಡಿಟಿಪಿ ಅಂಗಡಿಗಳು ಪೇಜ್‌ಮೇಕರ್‌ಗೆ ಹೊಂದುವ ದುಬಾರಿ ಅಕ್ಷರ ತಂತ್ರಾಂಶಗಳನ್ನು ಕೊಂಡವು. ಅವುಗಳಲ್ಲಿ ಕೆಲವು ಬೀಗದೊಂದಿಗೆ ಬರುತ್ತಿದ್ದವು: ಪ್ರಿಂಟರ್ ಪೋರ್ಟಿಗೆ ಸಿಕ್ಕಿಸುವ ಬೆರಳುದ್ದದ ಡಬ್ಬಿ. ಅದಿಲ್ಲದೆ ಅಕ್ಷರ ಏಳುವುದಿಲ್ಲ. ಕನ್ನಡ ಸ್ಲಾಟಿನಿಂದ ಇಳಿದು ಹಿಂದಿನ ಪೋರ್ಟಿಗೆ ಬಂದು ಕೂತಂತಾಯಿತು. ಹತ್ತು ವರ್ಷ ಕಳೆಯುವಷ್ಟರಲ್ಲಿ ಆ ಪೋರ್ಟೂ ಹೊಸ ಬೋರ್ಡುಗಳಿಂದ ಮಾಯವಾಗತೊಡಗಿತು. ಪಿಸಿಐ ಕಾರ್ಡು ಹಾಕಿ ಪೋರ್ಟು ತಂದರೂ ಎಷ್ಟೋ ಬೀಗಗಳು ಅದನ್ನು ಗುರುತಿಸುತ್ತಿರಲಿಲ್ಲ. ಅವು ಹುಡುಕುತ್ತಿದ್ದದ್ದು ಬೋರ್ಡಿನ ಮೂಲ ಪೋರ್ಟಿನ ವಿಳಾಸವನ್ನು. ಬೋರ್ಡು ಸತ್ತರೆ ಅದೇ ಕಾಲದ ಇನ್ನೊಂದು ಹಳೆಯ ಬೋರ್ಡನ್ನು ಹುಡುಕಿ ತರುವುದೇ ಅಂಥ ಅಂಗಡಿಗಳಿಗೆ ಉಳಿದ ದಾರಿ.

ಈ ನಡುವೆಯೇ ಸಾಮಾನ್ಯ ರೈತ ಕಂಪ್ಯೂಟರನ್ನು ಹತ್ತಿರದಿಂದ ಕಂಡದ್ದು, ತಹಸೀಲ್ ಕಚೇರಿಯಲ್ಲಿ. ಭೂ ದಾಖಲೆಗಳ ಗಣಕೀಕರಣದ ಭೂಮಿ ಯೋಜನೆ 2002ರ ಹೊತ್ತಿಗೆ ರಾಜ್ಯದ 177 ತಾಲ್ಲೂಕು ಕೇಂದ್ರಗಳನ್ನೂ ಮುಟ್ಟಿತು. ಯಾದಗಿರಿ, ಶಹಾಪುರ, ಸುರಪುರ ಆಗ ಇನ್ನೂ ಗುಲಬರ್ಗಾ ಜಿಲ್ಲೆಯ ತಾಲ್ಲೂಕುಗಳು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಮುನ್ನಡೆಸಿದ ಈ ಕೆಲಸದಲ್ಲಿ ಸುಮಾರು 67 ಲಕ್ಷ ರೈತರ ಎರಡು ಕೋಟಿ ಪಹಣಿಗಳು ಯಂತ್ರದೊಳಗೆ ಹೋದವು. ಆಗ 15 ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ಕೈಗೆ ಬರುತ್ತಿತ್ತು. ಗ್ರಾಮ ಲೆಕ್ಕಿಗರ ಕೈಬರಹದ ಪಹಣಿಗೆ ಕಾನೂನಿನ ಮಾನ್ಯತೆ ತಪ್ಪಿತು. ಕಿಟಕಿಯ ಆಚೆ ನಿಂತವನಿಗೂ ಕಾಣಲೆಂದು ಎರಡನೆಯ ಮಾನಿಟರನ್ನು ಹೊರಮುಖವಾಗಿ ಇಟ್ಟಿದ್ದರು. ನೌಕರ ಯಾರ ಹೆಸರಿನ ಹೊಲ ತೆರೆದಿದ್ದಾನೆಂದು ರೈತ ತಾನೇ ಓದಬಹುದಿತ್ತು. ಬದಲಾವಣೆ ಮಾಡಿದ ಅಧಿಕಾರಿಯ ಬೆರಳಚ್ಚು ಯಂತ್ರದಲ್ಲಿ ದಾಖಲಾಗುತ್ತಿತ್ತು.

ನಿಜಾಮರ ಕಾಲದಲ್ಲಿ, 19ನೇ ಶತಮಾನದ ಕೊನೆಯ ಭಾಗದಿಂದ ಈ ಸೀಮೆಯ ಸರ್ಕಾರಿ ಭಾಷೆ ಉರ್ದು. ಕನ್ನಡ ಓದಬಲ್ಲ ರೈತನಿಗೆ ತನ್ನ ಹೊಲದ ಕಾಗದವನ್ನು ಇನ್ನೊಬ್ಬರು ಓದಿ ಹೇಳಬೇಕಿತ್ತು. ಅಂಥ ಮನೆಯ ಮೊಮ್ಮಗ ಅದೇ ಹೊಲದ ವಿವರವನ್ನು ಕನ್ನಡದಲ್ಲಿ, ಬೆಳಗುವ ಪರದೆಯ ಮೇಲೆ ಓದಿದ್ದು ಸಣ್ಣ ಮಾತಲ್ಲ. ಆ ಎರಡನೆಯ ಮಾನಿಟರ್ ಈ ಸೀಮೆಗೆ ಬಂದ ಕಂಪ್ಯೂಟರ್ ಭಾಗಗಳಲ್ಲೆಲ್ಲ ಹೆಚ್ಚು ಬೆಲೆಯುಳ್ಳದ್ದು ಎಂದರೆ ತಪ್ಪಾಗದು. ಸರ್ವರ್ ನಿಂತರೆ ಸಾಲು ನಿಲ್ಲುತ್ತದೆ ಎಂಬುದನ್ನೂ ಊರು ಆಗಲೇ ಕಲಿಯಿತು. ಸುಮಾರು 2006ರಿಂದ ಸರ್ಕಾರಿ ಸೇವೆಯ ನೆಮ್ಮದಿ ಕೇಂದ್ರಗಳು ಹೋಬಳಿಗೆ ಬಂದಾಗ ಅದೇ ಪಾಠ ಹಳ್ಳಿಗೂ ಇಳಿಯಿತು.

ವಿಂಡೋಸ್ ಎಕ್ಸ್‌ಪಿಯ ಕಾಲದಿಂದ ಕನ್ನಡ ಯೂನಿಕೋಡ್ ರೂಪದಲ್ಲಿ ಕಾರ್ಯಾಚರಣೆ ವ್ಯವಸ್ಥೆಯೊಳಗೇ ಬಂತು. ಸ್ಲಾಟು ಬೇಡ, ಬೀಗ ಬೇಡ. ಆದರೂ ಹಳೆಯ ನುಡಿ ಅಕ್ಷರಗಳಲ್ಲಿ ಕೂಡಿಸಿದ ಕಡತಗಳು ಹೊಸ ಮೆಷಿನ್‌ನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತವೆ. ಪರಿವರ್ತಿಸುವ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ. ಅರ್ಕಾವತ್ತು, ಒತ್ತಕ್ಷರಗಳಲ್ಲಿ ಆಗುವ ತಪ್ಪನ್ನು ಮಾತ್ರ ಕಣ್ಣಿಟ್ಟು ತಿದ್ದಬೇಕು.

ಯಾದಗಿರಿ 2009–10ರಲ್ಲಿ ಜಿಲ್ಲೆಯಾದ ಮೇಲೆ ಕಚೇರಿಗಳು ಹೆಚ್ಚಿದವು, ಕಂಪನಿ ಹೆಸರಿನ ಡೆಸ್ಕ್‌ಟಾಪ್‌ಗಳು ಟೆಂಡರ್ ಮೂಲಕ ಬಂದವು, ಮನೆಗಳಿಗೆ ಲ್ಯಾಪ್‌ಟಾಪ್ ಬಂತು, ಎಲ್ಲರ ಕೈಗೂ ಮೊಬೈಲ್ ಬಂತು. ಜೋಡಿಸುವ ಕಸುಬು ಕುಗ್ಗಿತು. ಉಳಿದವರಿಗೆ ಜೀವ ಕೊಟ್ಟದ್ದು ಎಸ್‌ಎಸ್‌ಡಿ: ಹತ್ತು ವರ್ಷ ಹಳೆಯ ಮೆಷಿನ್‌ನಿಂದ ತಿರುಗುವ ಡಿಸ್ಕ್ ತೆಗೆದು ಅದನ್ನು ಹಾಕಿದರೆ ನಿಮಿಷಗಟ್ಟಲೆ ಕಾಯಿಸುತ್ತಿದ್ದ ವಿಂಡೋಸ್ ಸೆಕೆಂಡುಗಳಲ್ಲಿ ಏಳುತ್ತದೆ. ತಿರುಗುವ ಬಿಲ್ಲೆಯಿಲ್ಲದ ಕಾರಣ ಕರೆಂಟು ಹೋದ ಕ್ಷಣದಲ್ಲಿ ಬಿಲ್ಲೆ ಗೀರುವ ಭಯವೂ ಇಲ್ಲ. 2020ರಲ್ಲಿ ಶಾಲೆಗಳು ಮುಚ್ಚಿ ಪಾಠ ಪರದೆಗೆ ಬಂದಾಗ ಅಟ್ಟ ಸೇರಿದ್ದ ಎಷ್ಟೋ ಡಬ್ಬಿಗಳು ಹೀಗೆ ಕೆಳಗಿಳಿದವು.

ಈಗ ಹೊಸ ಗಂಟು ಎದ್ದಿದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಕೇಳುವುದು ಟಿಪಿಎಂ 2.0 ಎಂಬ ಭದ್ರತಾ ಚಿಪ್ಪನ್ನು ಮತ್ತು ಇಂಟೆಲ್‌ನಲ್ಲಾದರೆ ಹೆಚ್ಚೂಕಡಿಮೆ ಎಂಟನೇ ತಲೆಮಾರಿನ ಅಥವಾ ಅದರ ನಂತರದ ಪ್ರೊಸೆಸರನ್ನು. ಎಸ್‌ಎಸ್‌ಡಿ ಹಾಕಿಸಿಕೊಂಡು ಚುರುಕಾಗಿ ಓಡುತ್ತಿರುವ ಹಳೆಯ ಮೆಷಿನ್‌ಗಳು ಈ ಲೆಕ್ಕದಲ್ಲಿ ಹೊರಗುಳಿಯುತ್ತವೆ. ಕೆಲವರು ಲಿನಕ್ಸ್ ಹಾಕಿಸುತ್ತಾರೆ, ಅದರಲ್ಲಿ ಕನ್ನಡ ಯೂನಿಕೋಡ್ ಸರಾಗವಾಗಿ ಬರುತ್ತದೆ. ಟ್ಯಾಲಿ ಮತ್ತು ಪೇಜ್‌ಮೇಕರ್ ನಂಬಿದವರಿಗೆ ಅದು ಒಗ್ಗುವುದು ಕಷ್ಟ. ಹಳೆಯ ಬೋರ್ಡಿಟ್ಟುಕೊಂಡ ಡಿಟಿಪಿಯವರು ಅದನ್ನು ಇಂಟರ್‌ನೆಟ್‌ಗೆ ತಾಗಿಸದೆ ಪ್ರತ್ಯೇಕವಾಗಿ ಓಡಿಸಿ, ಕೆಲಸವನ್ನು ಪೆನ್‌ಡ್ರೈವ್‌ನಲ್ಲಿ ಹೊಸ ಮೆಷಿನ್‌ಗೆ ಸಾಗಿಸುವುದೇ ಸದ್ಯಕ್ಕೆ ನೇರವಾದ ಉಪಾಯ. ಅಂಥ ಬೋರ್ಡಿನ ಸಿಆರ್2032 ನಾಣ್ಯದ ಬ್ಯಾಟರಿಯನ್ನು ಕೆಲವು ವರ್ಷಕ್ಕೊಮ್ಮೆ ಬದಲಿಸಬೇಕು. ಅದು ತೀರಿದರೆ ತಾರೀಖು ಹಿಂದಕ್ಕೆ ಜಾರುವುದರ ಜೊತೆಗೆ ಪ್ರಿಂಟರ್ ಪೋರ್ಟಿನ ಸೆಟ್ಟಿಂಗ್ ಕೂಡ ಅಳಿಸಿಹೋಗುತ್ತದೆ, ಬೀಗ ಸಿಗಲಿಲ್ಲವೆಂದು ತಂತ್ರಾಂಶ ಕೆಲಸ ನಿಲ್ಲಿಸಬಹುದು. ಬಯಾಸ್‌ಗೆ ಹೋಗಿ ವಿಳಾಸವನ್ನು 378ಕ್ಕೆ ತಂದರೆ ಬಹುಪಾಲು ಸಲ ಅಕ್ಷರಗಳು ಮರಳುತ್ತವೆ.